ಒಕೆಲ್ಲೊ ಮಾಸ್ಟ್ರು ತಿದ್ದಿದ ಪ್ರಶ್ನೆಗಳು

ನಮ್ಮ ಹನ್ನೆರಡು ಪುಟಗಳ ಒಪ್ಪಿಗೆ ಪತ್ರವನ್ನು ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯವರೆಗೆ ಓದಿ, ಕೆಂಪು ಪೆನ್ನಿನಲ್ಲಿ ತಿದ್ದಿ, ಮೂಲೆಯಲ್ಲಿ ಹತ್ತಕ್ಕೆ ನಾಲ್ಕು ಎಂದು ಅಂಕ ಹಾಕಿ ಹಿಂದಕ್ಕೆ ಕೊಟ್ಟ ರೋಗಿ ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಒಬ್ಬರೇ. ಹೆಸರು ಒಕೆಲ್ಲೊ. ಉಗಾಂಡದವರು. ದೋಹಾಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ಊರಿನ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ್ದರು. ಇಲ್ಲಿ ಲುಸೈಲಿನ ಒಂದು ಆಫೀಸು ಕಟ್ಟಡದ ಗೇಟಿನಲ್ಲಿ ಸೆಕ್ಯುರಿಟಿ. ಆರಡಿಗಿಂತ ಎತ್ತರದ ಆಳು. ಕುರ್ಚಿಯಲ್ಲಿ ಕುಳಿತರೂ ನಿಂತ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬಲ್ಲವರು. ನಾನು ಮೊದಲ ದಿನವೇ ಅವರನ್ನು ನಮ್ಮೂರಿನ ರೂಢಿಯಂತೆ ಮಾಸ್ಟ್ರು ಎಂದೆ. ಹಾಗೆಂದರೇನು ಎಂದು ಕೇಳಿ ತಿಳಿದುಕೊಂಡು, "ಚೆಂದ ಉಂಟು. ಆದರೆ ಅದಕ್ಕೆಲ್ಲ ಮಾರ್ಕು ಜಾಸ್ತಿ ಮಾಡುವುದಿಲ್ಲ" ಎಂದರು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಆದರೆ ಅವರ ಮಾತು ಯಾಕೋ ನನ್ನ ತಲೆಯಲ್ಲಿ ನಮ್ಮ ಕಡೆಯ ಕನ್ನಡವಾಗಿಯೇ ಉಳಿದಿದೆ.

ನಾನು ಉಪ್ಪಿನಂಗಡಿಯವ. ಇಲ್ಲಿನ ಒಂದು ಆಸ್ಪತ್ರೆಯಲ್ಲಿ ರಿಸರ್ಚ್ ಕೋ-ಆರ್ಡಿನೇಟರ್. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಡಾಕ್ಟರುಗಳು ಬರೆದ ಪ್ರಶ್ನೆಗಳನ್ನು ರೋಗಿಗಳಿಗೆ ಕೇಳುವುದು, ಉತ್ತರವನ್ನು ಕಂಪ್ಯೂಟರಿಗೆ ತುಂಬುವುದು. ಆಗ ನಮ್ಮ ಡಾಕ್ಟರ್ ಹನಾ ಮೇಡಂ ಬಿಪಿಯ ಬಗ್ಗೆ ಒಂದು ಅಧ್ಯಯನ ಕೈಗೆತ್ತಿಕೊಂಡಿದ್ದರು. ಮೇಡಂ ಈಜಿಪ್ಟಿನವರು, ಕೆಲಸದಲ್ಲಿ ಕಟ್ಟುನಿಟ್ಟು. ಆಫ್ರಿಕಾದಿಂದ ಬಂದ ಸೆಕ್ಯುರಿಟಿಗಳು ಬಿಪಿ ಮಾತ್ರೆಯನ್ನು ಯಾಕೆ ದಿನಾ ತೆಗೆದುಕೊಳ್ಳುವುದಿಲ್ಲ ಎಂಬುದು ಪ್ರಶ್ನೆ. ಉತ್ತರ ನಮಗೆಲ್ಲ ಮೊದಲೇ ಗೊತ್ತಿತ್ತು: ಮರೆತುಬಿಡುತ್ತಾರೆ. ಮರೆಯದಂತೆ ದಿನಾ ಬೆಳಿಗ್ಗೆ ಐದೂವರೆಗೆ ಎಸ್ಸೆಮ್ಮೆಸ್ ಕಳಿಸುವ ಉಪಾಯ ನನ್ನದು. 'ನಿಮ್ಮ ಹೃದಯ ನಿಮ್ಮನ್ನೇ ನಂಬಿದೆ' ಎಂಬ ವಾಕ್ಯವೂ ನನ್ನದೇ. ಅದನ್ನು ಬರೆದ ದಿನ ಮನೆಗೆ ಹೋಗಿ ಹೆಂಡತಿಗೆ ಓದಿ ಹೇಳಿದ್ದೆ.

ಮಾಸ್ಟ್ರು ಅಂದು ಏಳನೇ ಪುಟ ತೆರೆದು ಬೆರಳಿಟ್ಟರು. "ಬ್ರದರ್ ಹಮೀದ್, ಯಾವಾಗ ಬೇಕಾದರೂ ಕಾರಣ ಹೇಳದೆ ಅಧ್ಯಯನದಿಂದ ಹೊರಗೆ ಹೋಗಬಹುದು ಅಂತ ಬರೆದಿದ್ದೀರಿ. ನಿಜವಾ?"

"ನೂರಕ್ಕೆ ನೂರು ನಿಜ."

ಸಹಿ ಹಾಕಿದರು. ನಾನು ಅವರ ಹೆಸರು, ವಯಸ್ಸು, ಫೋನ್ ನಂಬರ್ ಎಲ್ಲ ಕಂಪ್ಯೂಟರಿಗೆ ಹಾಕಿ ಉಸಿರು ಬಿಡುವಷ್ಟರಲ್ಲಿ ಎದ್ದು ನಿಂತರು. "ನಾನು ಹೊರಗೆ ಹೋಗುತ್ತೇನೆ."

"ಅಯ್ಯೋ, ಯಾಕೆ ಮಾಸ್ಟ್ರೇ?"

"ನೋಡಿ, ಕಾರಣ ಕೇಳಿದಿರಿ." ಪುನಃ ಕುಳಿತು, ಕೆಂಪು ಪೆನ್ನು ತೆಗೆದು ನಾಲ್ಕನ್ನು ಹೊಡೆದು ಮೂರು ಮಾಡಿದರು. "ಬಾಗಿಲು ನಿಜವಾಗಿ ತೆರೆಯುತ್ತದಾ ಅಂತ ನೋಡಿದೆ, ಅಷ್ಟೇ. ಈಗ ಪ್ರಶ್ನೆ ಕೇಳಿ."

ಪ್ರಶ್ನೆ ಕೇಳುವುದೂ ಸುಲಭವಾಗಲಿಲ್ಲ. "ದಿನಕ್ಕೆ ಎಷ್ಟು ನಿಮಿಷ ವ್ಯಾಯಾಮ?" ಎಂದೆ. ಹನ್ನೆರಡು ಗಂಟೆ ನಿಲ್ಲುವುದು ವ್ಯಾಯಾಮವೋ ವಿಶ್ರಾಂತಿಯೋ ಎಂದು ಅವರು ಕೇಳಿದರು. "ಅಡುಗೆಗೆ ಎಷ್ಟು ಚಮಚ ಉಪ್ಪು ಹಾಕುತ್ತೀರಿ?" ಎಂದೆ. ಬರ್ವಾ ಅಲ್ ಬರಾಹಾ ಎಂಬ ಕಾರ್ಮಿಕರ ವಸತಿಯ ಅವರ ಕೋಣೆಯಲ್ಲಿ ಆರು ಜನ, ಅಡುಗೆ ಯಾವಾಗಲೂ ಅವರಲ್ಲೊಬ್ಬನಾದ ಥಾಮಸನದ್ದು, ಅವನು ಚಮಚ ಬಳಸುವವನೇ ಅಲ್ಲ ಎಂದರು. ಆಮೇಲೆ ನನ್ನ ಕೈಯಿಂದ ಕಾಗದವನ್ನು ಮೆಲ್ಲಗೆ ತೆಗೆದುಕೊಂಡು, "ಬೇರೆಯವರಿಗೆ ಕೇಳುವ ಮೊದಲು ಇದಕ್ಕೆ ನೀವು ಉತ್ತರ ಕೊಟ್ಟು ನೋಡಿದ್ದೀರಾ?" ಎಂದರು. ಇಲ್ಲ ಎಂದೆ. "ಹಾಗಾದರೆ ಈಗ ಶುರು ಮಾಡುವ. ದಿನಕ್ಕೆ ಎಷ್ಟು ಬಗೆಯ ಹಣ್ಣು ತಿನ್ನುತ್ತೀರಿ?"

"ಮೂರು," ಎಂದೆ. ಯಾರಾದರೂ ಕೇಳಿದರೆ ಬಾಯಿಗೆ ತಾನಾಗಿ ಬರುವ ಸಂಖ್ಯೆ ಅದು.

"ಹೆಸರು ಹೇಳಿ."

"ಬಾಳೆಹಣ್ಣು. ಖರ್ಜೂರ." ಮೂರನೆಯದಕ್ಕೆ ತಡಕಾಡಿದೆ. "ಮಾವು."

"ಈ ಚಳಿಗಾಲದಲ್ಲಿ ಮಾವು?"

"ಉಪ್ಪಿನಕಾಯಿಯಲ್ಲಿ ಇರುತ್ತದಲ್ಲ," ಎಂದೆ, ಸಣ್ಣ ದನಿಯಲ್ಲಿ.

ಪಕ್ಕದ ಟೇಬಲ್ಲಿನಲ್ಲಿದ್ದ ಪ್ರಮೀಳಾ ಸಿಸ್ಟರ್ ಕಿಸಕ್ಕನೆ ನಕ್ಕರು. ಅವರು ಬೆಳ್ಮಣ್ಣಿನವರು, ನಮ್ಮ ತಂಡದ ನರ್ಸು. ಮಾಸ್ಟ್ರು ಗಂಭೀರವಾಗಿ 'ಉಪ್ಪಿನಲ್ಲಿಟ್ಟ ಹಣ್ಣು, ಒಂದು' ಎಂದು ಬರೆದುಕೊಂಡು, ನನ್ನ ಬಿಪಿಯನ್ನೂ ನೋಡುವಂತೆ ಸಿಸ್ಟರಿಗೆ ಸನ್ನೆ ಮಾಡಿದರು. ನಾನು ನಗುತ್ತಲೇ ತೋಳು ಚಾಚಿದೆ.

"ಹಮೀದಣ್ಣ, ಇದೆಂತ ಮಾರಾಯ್ರೆ! ಮೇಲಿನದ್ದೇ ನೂರ ಎಪ್ಪತ್ತೆರಡು ಉಂಟಲ್ಲ! ಮೆಷೀನು ಹಾಳಾದದ್ದಾ?"

ಮೆಷೀನು ಸರಿಯಾಗಿಯೇ ಇತ್ತು. ಮೂರು ಸಲ ನೋಡಿದರು. ಹೀಗೆ ಬಿಪಿಯ ಅಧ್ಯಯನ ಮಾಡುತ್ತಿದ್ದ ನನಗೆ ಬಿಪಿ ಇರುವುದನ್ನು ಕಂಡುಹಿಡಿದವರು ನಮ್ಮ ರೋಗಿ. ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಹೆದರಿಕೆಯೂ ಆಯಿತು. ಮಾಸ್ಟ್ರು ಭುಜದ ಮೇಲೆ ಕೈಯಿಟ್ಟು, "ಹೆದರಬೇಡಿ ಬ್ರದರ್. ಇನ್ನು ನಾವಿಬ್ಬರೂ ಒಂದೇ ಕ್ಲಾಸು" ಎಂದರು.

ಹದಿನಾಲ್ಕನೇ ಪ್ರಶ್ನೆ ಬಂತು: ಕಳೆದ ವಾರ ಮಾತ್ರೆ ತೆಗೆದುಕೊಳ್ಳಲು ಮರೆತಿರಾ? ಹೌದು ಅಥವಾ ಇಲ್ಲ.

ಇಲ್ಲಿ ಅವರು ತಮಾಷೆ ಬಿಟ್ಟರು. ಬಾಗಿಲಿನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. "ನಮ್ಮ ಉತ್ತರಕ್ಕೆ ಇದರಲ್ಲಿ ಜಾಗ ಇಲ್ಲ. ನಾವು ಮರೆಯುವುದಿಲ್ಲ. ನೆನಪಿಟ್ಟುಕೊಂಡೇ ನುಂಗದೆ ಇರುತ್ತೇವೆ."

ವಿಷಯ ಇಷ್ಟು: ನಾವು ಕೊಡುತ್ತಿದ್ದದ್ದು ಮೂತ್ರ ಹೆಚ್ಚು ಮಾಡುವ ಜಾತಿಯ ಮಾತ್ರೆ. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದೊಳಗೆ ನಾಲ್ಕೈದು ಸಲ ಹೋಗಬೇಕು. ಗೇಟು ಬಿಟ್ಟು ಹೋಗುವ ಹಾಗಿಲ್ಲ. ಬದಲಿ ಆಳು ಬರುವುದು ಊಟದ ಹೊತ್ತಿಗೆ ಒಮ್ಮೆ. ವಾಶ್‌ರೂಮು ಇರುವುದು ಬೇಸ್‌ಮೆಂಟಿನಲ್ಲಿ. ಹಾಗಾಗಿ ಡ್ಯೂಟಿಯ ಆರು ದಿನ ಮಾತ್ರೆ ಪೆಟ್ಟಿಗೆಯಲ್ಲಿ, ರಜೆಯ ಒಂದು ದಿನ ಹೊಟ್ಟೆಯಲ್ಲಿ.

"ನಾನು ಇಷ್ಟು ಜನರಿಗೆ ಕೇಳಿದೆ. ಒಬ್ಬರೂ ಹೇಳಲಿಲ್ಲವಲ್ಲ!"

"ನೀವು ಆಸ್ಪತ್ರೆಯವರು. ಇಲ್ಲಿ ಹೇಳಿದ್ದು ಕಂಪನಿಯ ಕಿವಿಗೆ ಬಿದ್ದು, ಇವನಿಗೆ ಬಿಪಿ, ಗೇಟಿಗೆ ಆಗುವುದಿಲ್ಲ ಅಂತ ಊರಿಗೆ ಕಳಿಸಿದರೆ? ಮರೆತೆ ಅಂದರೆ ಯಾರಿಗೂ ತೊಂದರೆ ಇಲ್ಲ. ಖಲಾಸ್." ಬೆರಳೆತ್ತಿ ಸೇರಿಸಿದರು. "ಮತ್ತೆ, ಆ ಎಸ್ಸೆಮ್ಮೆಸ್ ಯಾರದ್ದು? ನಮ್ಮ ಕೋಣೆಯಲ್ಲಿ ನಾಲ್ವರಿಗೆ ಬಿಪಿ. ಮೂವರು ಮೊದಲೇ ನಿಮ್ಮಲ್ಲಿ ಸೇರಿದ್ದಾರೆ. ಐದೂವರೆಗೆ ಮೂರು ಫೋನು ಒಟ್ಟಿಗೆ ಬಡಿದುಕೊಳ್ಳುತ್ತವೆ. ಬಿಪಿ ಇಲ್ಲದ ಇಬ್ಬರಿಗೂ ಈಗ ಬರಲು ಶುರುವಾಗಿದೆ."

ಎಸ್ಸೆಮ್ಮೆಸ್ ನನ್ನದು ಎಂದು ನಾನು ಹೇಳಲಿಲ್ಲ.

ಹನಾ ಮೇಡಂ ಇದನ್ನು ಕೇಳಿ ಮುಖ ಮುಚ್ಚಿಕೊಂಡರು. ಆರು ತಿಂಗಳ ಕೆಲಸ. ಆಫ್ರಿಕಾದವರು ಮರೆಗುಳಿಗಳು ಎಂದು ಲೋಕಕ್ಕೆಲ್ಲ ಸಾರಲು ನಾವು ಹೊರಟಿದ್ದೆವು. ಆಮೇಲೆ ಎದ್ದು, "ಯಲ್ಲಾ, ಹೊರಡಿ ಹಮೀದ್, ಅವರನ್ನು ಕರೆದುಕೊಂಡು ಬನ್ನಿ. ಇನ್ನು ಪ್ರಶ್ನೆಗಳನ್ನು ಅವರ ಜೊತೆ ಕುಳಿತೇ ಬರೆಯುವುದು" ಎಂದರು.

ಆಮೇಲೆ ಪ್ರತಿ ಶುಕ್ರವಾರ ನಾನು, ಮೇಡಂ, ಸಿಸ್ಟರ್ ಮೂವರೂ ಬರ್ವಾ ಅಲ್ ಬರಾಹಾಕ್ಕೆ ಹೋಗತೊಡಗಿದೆವು. ಕ್ಯಾಂಟೀನಿನ ಮೂಲೆಯ ಮೇಜು ನಮ್ಮದು. ಮಾಸ್ಟ್ರು ಅಧ್ಯಕ್ಷರು. ಉಗಾಂಡ, ಕೀನ್ಯಾ, ಘಾನಾದ ಹತ್ತು ಹನ್ನೆರಡು ಜನ ಸುತ್ತ ಕೂರುತ್ತಿದ್ದರು. ಯಾರ ಹೆಸರೂ ಬರೆಯಬಾರದು ಎಂಬುದು ಮೊದಲ ನಿಯಮ. ಡಾಕ್ಟರಾದರೂ ಕೈಯೆತ್ತಿಯೇ ಮಾತಾಡಬೇಕು ಎಂಬುದು ಎರಡನೆಯದು. ಮೇಡಂ ಕೈಯೆತ್ತಿ ಕಾಯುವುದನ್ನು ನಾನು ಬದುಕಿನಲ್ಲಿ ಮೊದಲ ಸಲ ನೋಡಿದ್ದು ಅಲ್ಲಿ. ಉಪ್ಪಿನ ಪ್ರಶ್ನೆಯನ್ನು ತೆಗೆದು 'ನಿಮ್ಮ ಅಡುಗೆ ಯಾರ ಕೈಯಲ್ಲಿದೆ?' ಎಂದು ಹಾಕಿದೆವು. ಎಲ್ಲರೂ ತಿರುಗಿ ಥಾಮಸನನ್ನು ನೋಡಿದರು. ಅವನು ಎರಡು ವಾರ ಸಿಟ್ಟಿನಿಂದ ಸಪ್ಪೆ ಅಡುಗೆ ಮಾಡಿದನಂತೆ. ಅದರಿಂದ ಕೋಣೆಯವರ ಬಿಪಿ ಸ್ವಲ್ಪ ಇಳಿದದ್ದೂ ಹೌದು.

ಕೆಲವು ತಿಂಗಳ ನಂತರ ಲುಸೈಲಿನಲ್ಲಿ ದೊಡ್ಡ ಸಭೆ, ನಮ್ಮ ಅಧ್ಯಯನದ ಬಗ್ಗೆ ಮಾಸ್ಟ್ರೂ ಮಾತಾಡಬೇಕಿತ್ತು. ಬೇರೆ ಬೇರೆ ಆಸ್ಪತ್ರೆಗಳ ಡಾಕ್ಟರುಗಳು, ಪ್ರೊಫೆಸರುಗಳು, ಕೆಲವು ಕಂಪನಿಗಳ ಆಫೀಸರುಗಳು. ಹೆಸರು ಹೇಳದೆ ಮಾತಾಡಬಹುದು ಎಂದು ನಾನು ಮಾಸ್ಟ್ರಿಗೆ ಎಷ್ಟೋ ಹೇಳಿದೆ. ಊರಲ್ಲಿ ಅವರ ಮೂರು ಮಕ್ಕಳು ಓದುತ್ತಿದ್ದರು. "ಕೋಣೆಯವರ ಹೆಸರು ಬೇಡ, ನನ್ನದು ಇರಲಿ," ಎಂದರು. "ಎದ್ದು ನಿಂತು ಹೆಸರು ಹೇಳಿ ಮಾತಾಡಿ ಅಂತ ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ."

ಅಂದು ಅವರು ಯಾರಿಂದಲೋ ತಂದ ಕೋಟು ಹಾಕಿಕೊಂಡು ಬಂದಿದ್ದರು. ತೋಳು ಗಿಡ್ಡ, ಆದರೂ ಗತ್ತು ಕಡಿಮೆಯಿರಲಿಲ್ಲ. ಚಹಾದ ಹೊತ್ತಿನಲ್ಲಿ ಹಿರಿಯ ಪ್ರೊಫೆಸರೊಬ್ಬರು ಬಂದು ಕೈಕುಲುಕಿ ಯಾವ ಕ್ಷೇತ್ರ ಎಂದು ಕೇಳಿದರು. "ಆಕ್ಸೆಸ್ ಕಂಟ್ರೋಲ್," ಎಂದರು ಮಾಸ್ಟ್ರು. ಗೇಟಿನ ಕೆಲಸಕ್ಕೆ ಕಂಪನಿಯವರು ಇಟ್ಟ ಹೆಸರು ಅದು. ಪ್ರೊಫೆಸರರು ಅದನ್ನು ಬಡವರಿಗೆ ಚಿಕಿತ್ಸೆ ಸಿಗುವ ವಿಚಾರ ಎಂದು ತಿಳಿದು, "ಬಹಳ ಮುಖ್ಯ, ಬಹಳ ಮುಖ್ಯ" ಎಂದು ತಲೆಯಾಡಿಸಿದರು. "ಹನ್ನೆರಡು ಗಂಟೆಯ ಕೆಲಸ," ಎಂದರು ಮಾಸ್ಟ್ರು. "ನಿಮ್ಮ ನಿಷ್ಠೆ ದೊಡ್ಡದು," ಎಂದರು ಪ್ರೊಫೆಸರರು. ನಾನು ಸಮೋಸದ ತಟ್ಟೆಯ ಕಡೆಗೆ ಮುಖ ತಿರುಗಿಸಿ ನಿಂತೆ.

ಸಭೆಯ ಕಾರ್ಯಕ್ರಮದಲ್ಲಿ ಕೊನೆಯ ಐದು ನಿಮಿಷ ರೋಗಿಗಳ ಅಭಿಪ್ರಾಯಕ್ಕೆ. ಮಾಸ್ಟ್ರು ಎದ್ದರು. ಹೆಸರು ಹೇಳಿದರು, ಊರು ಹೇಳಿದರು, ಕೆಲಸ ಹೇಳಿದರು. ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಬಾಗಿಲ ಹತ್ತಿರ ಕುಳಿತಿದ್ದೆ. ಹೋಗುವವರನ್ನು, ಬರುವವರನ್ನು ಲೆಕ್ಕ ಹಾಕುವುದು ನನಗೆ ಅಭ್ಯಾಸ. ಬೆಳಿಗ್ಗೆಯಿಂದ ನಿಮ್ಮಲ್ಲಿ ಹನ್ನೊಂದು ಜನ ಹದಿನಾಲ್ಕು ಸಲ ವಾಶ್‌ರೂಮಿಗೆ ಹೋಗಿ ಬಂದಿದ್ದೀರಿ. ಯಾರೂ ಯಾರ ಅನುಮತಿಯನ್ನೂ ಕೇಳಲಿಲ್ಲ. ನಮಗೆ ಅದೊಂದು ಸಿಕ್ಕಿದರೆ ಮಾತ್ರೆ ನಾವೇ ನುಂಗುತ್ತೇವೆ."

ಅಷ್ಟರಲ್ಲಿ ಹೊರಗೆ ಹೋಗಲೆಂದು ಎದ್ದಿದ್ದ ಪ್ರೊಫೆಸರರು ಮೆಲ್ಲಗೆ ಪುನಃ ಕುಳಿತರು.

"ಹೋಗಿ ಬನ್ನಿ ಸರ್," ಎಂದರು ಮಾಸ್ಟ್ರು ಪ್ರೀತಿಯಿಂದ. "ತಡೆದುಕೊಳ್ಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತುಂಟು."

ಮೊದಲು ನಕ್ಕವರು ಹನಾ ಮೇಡಂ. ಆಮೇಲೆ ಇಡೀ ಸಭೆ ನಕ್ಕಿತು. ನಗದವರೆಂದರೆ ಕಂಪನಿಗಳ ಆಫೀಸರುಗಳು.

ಅದಾದ ಮೇಲೆ ಒಂದು ತಿಂಗಳು, ಫೋನ್ ಬಂದಾಗಲೆಲ್ಲ ಮಾಸ್ಟ್ರನ್ನು ಕೆಲಸದಿಂದ ತೆಗೆದರೋ ಎಂದು ಹೆದರಿಕೊಂಡೇ ಎತ್ತುತ್ತಿದ್ದೆ. ತೆಗೆಯಲಿಲ್ಲ. ಗೇಟು ಬದಲಾಯಿಸಿದರು. ಮುಖ್ಯ ಗೇಟಿನಿಂದ ತೆಗೆದು ಬೇಸ್‌ಮೆಂಟಿಗೆ ಹಾಕಿದರು. ಶಿಕ್ಷೆ ಎಂದು ಮಾಡಿದರೋ ಉಪಕಾರ ಎಂದು ಮಾಡಿದರೋ ಇಂದಿಗೂ ಗೊತ್ತಿಲ್ಲ. ವಾಶ್‌ರೂಮು ಎದುರಿಗೇ ಇತ್ತು. ಮೇಡಂ ಡ್ಯೂಟಿಯವರಿಗೆಲ್ಲ ಬೇರೆ ಜಾತಿಯ ಮಾತ್ರೆ ಬರೆದುಕೊಟ್ಟರು. ಬದಲಿ ಆಳಿನ ವಿಷಯವಾಗಿ ಕಂಪನಿಗಳಿಗೆ ಪತ್ರ ಹೋಯಿತು. ಕೆಲವರು ಒಪ್ಪಿದರು, ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ನನ್ನ ಎಸ್ಸೆಮ್ಮೆಸ್ ನಿಂತುಹೋಯಿತು. ಲೇಖನ ಅಚ್ಚಾದಾಗ ಬರೆದವರ ಸಾಲಿನಲ್ಲಿ ಒಕೆಲ್ಲೊ ಎಂಬ ಹೆಸರು ನನ್ನ ಹೆಸರಿಗಿಂತ ಮೊದಲು ಇತ್ತು. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಹಮೀದ್ ಮೊದಲು ಬರಬೇಕಲ್ಲ ಎಂದು ನಾನು ಒಮ್ಮೆ ಗೊಣಗಿದ್ದೆ. "ಅದು ಮಾರ್ಕಿನ ಪ್ರಕಾರ," ಎಂದರು ಪ್ರಮೀಳಾ ಸಿಸ್ಟರ್.

ಕಾಂಟ್ರಾಕ್ಟು ಮುಗಿಸಿ ಅವರು ಊರಿಗೆ ಹೊರಟ ಮಧ್ಯಾಹ್ನ ನಾನೇ ಕಾರಿನಲ್ಲಿ ಏರ್‌ಪೋರ್ಟಿಗೆ ಬಿಟ್ಟೆ. ಹಿರಿ ಮಗಳ ಓದು ಮುಗಿದಿತ್ತು. ದಾರಿಯುದ್ದಕ್ಕೂ ನನ್ನ ಬಿಪಿ ಎಷ್ಟು, ಉಪ್ಪಿನಕಾಯಿ ಬಿಟ್ಟೆನೋ ಇಲ್ಲವೋ ಎಂದು ವಿಚಾರಿಸಿದರು. ಬಿಟ್ಟೆ ಎಂದೆ. ನಂಬಲಿಲ್ಲ. ಏರ್‌ಪೋರ್ಟಿನಲ್ಲಿ ಸಿಕ್ಕಿದ ತಮ್ಮೂರಿನ ಪ್ರಯಾಣಿಕನೊಬ್ಬನಿಗೆ, "ಇವರು ಹಮೀದ್. ನನ್ನ ರಿಸರ್ಚ್ ಅಸಿಸ್ಟೆಂಟ್" ಎಂದು ಪರಿಚಯಿಸಿದರು. ನಾನು ತಿದ್ದಲು ಹೋಗಲಿಲ್ಲ. ಕೈಕುಲುಕಿದೆ.

ಬಾಗಿಲಿನಲ್ಲಿ ಅವರ ದೇಶದವನಂತೆಯೇ ಕಾಣುವ ಸೆಕ್ಯುರಿಟಿ ಒಬ್ಬ ನಿಂತಿದ್ದ. ಮಾಸ್ಟ್ರು ಪಾಸ್‌ಪೋರ್ಟು ತೋರಿಸುತ್ತ ಮೆಲ್ಲಗೆ ಕೇಳಿದರು: "ಬ್ರದರ್, ನಿನ್ನ ಬದಲಿ ಆಳು ಎಷ್ಟು ಗಂಟೆಗೆ?"

ಅವನು ಆಚೀಚೆ ನೋಡಿದ. "ನಾಲ್ಕಕ್ಕೆ, ಸರ್." ಆಗ ಗಂಟೆ ಒಂದೂ ಹತ್ತು.

"ಬರೆದುಕೊಳ್ಳಿ ಹಮೀದ್," ಎಂದರು ಮಾಸ್ಟ್ರು, ತಿರುಗದೆಯೇ.

ಜೇಬು ತಡಕಿ ಸಿಕ್ಕಿದ ಪಾರ್ಕಿಂಗ್ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡೆ. ತಲೆಯೆತ್ತುವಾಗ ಅವರು ಒಳಗೆ ಹೋಗಿ ಆಗಿತ್ತು.