ಅಲಸಂದೆ ಅಜ್ಜಿಯ ಒಸಡು

ಮೀನು ಮಾರುವ ನ್ಯೇಲೆ ಕೂಲಿಬಾಲಿ ಬಾಯಿ ತೆರೆದರೆ ಬುಟ್ಟಿಯೊಳಗಿನ ಒಣಮೀನೂ ಎದ್ದು ನದಿಗೆ ಹೊರಟೀತು ಎಂದು ಸೆಗು ಊರಿನ ಹೊಳೆದಂಡೆಯ ಕೇರಿಯವರು ಹೇಳುತ್ತಿದ್ದರು. ಅವಳ ಮಾತಿಗೆ ಮರುಳಾಗಿ, ಬೇಡದ ಮೀನು ಕೊಂಡು, ಮನೆಯಲ್ಲಿ ಬೈಸಿಕೊಂಡ ಗಂಡಸರು ಬೇಕಾದಷ್ಟು ಜನ.

ಅದಕ್ಕೇ ಕೇರಿಯಲ್ಲಿ ಮಗು ಹುಟ್ಟಿದರೆ, ಹೆಸರಿಡುವ ದಿನ ನ್ಯೇಲೆಗೇ ಕರೆ ಬರುತ್ತಿತ್ತು. ಅವಳು ಖರ್ಜೂರವನ್ನು ನುಣ್ಣಗೆ ಅಗಿದು ಮಗುವಿನ ನಾಲಿಗೆಗೆ ಹಚ್ಚಬೇಕು. ಎಂಜಲಿನ ಜೊತೆ ಅವಳ ಮಾತೂ ನಗುವೂ ಮಗುವಿಗೆ ಇಳಿಯಬೇಕು. ಹೆತ್ತ ಮಕ್ಕಳಿಲ್ಲದ ನ್ಯೇಲೆ, “ನನ್ನ ನಾಲಿಗೆ ಅರ್ಧ ಕೇರೀಲಿ ಓಡಾಡ್ತಿದೆ” ಎಂದು ಬೀಗುತ್ತಿದ್ದಳು.

ಹೀಗಿರುವಾಗ ಹಲ್ಲಿನ ಡಾಕ್ಟರು ಜುಮಾನಾ ಕೆಯಿತಾನಿಗೆ ಹೆಣ್ಣು ಮಗು ಹುಟ್ಟಿತು. ಖರ್ಜೂರಕ್ಕೆ ನ್ಯೇಲೆ ಅಜ್ಜಿಯೇ ಬರಬೇಕೆಂದು ಹೆಂಡತಿ ಕಾಜಾ ಹಟ ಹಿಡಿದಳು. ಜುಮಾನಾನಿಗೆ ಪೀಕಲಾಟ. ಸಡಿಲಾದ ಹಲ್ಲು ತೋರಿಸಲು ಬಂದಿದ್ದ ಮುದುಕಿಯ ಬಾಯನ್ನು ಅವನು ಮೊನ್ನೆ ತಾನೇ ನೋಡಿದ್ದ. ಒಸಡಿನಂಚಿನಲ್ಲಿ ಕೊಳೆ ಕಲ್ಲುಗಟ್ಟಿತ್ತು, ಮುಟ್ಟಿದರೆ ರಕ್ತ ಜಿನುಗುತ್ತಿತ್ತು. ಅವನು ನೇರ ಅವಳ ಅಂಗಳಕ್ಕೇ ಹೋದ.

“ಅಜ್ಜೀ, ನಿನ್ನ ಬಾಯಲ್ಲಿ ಕಣ್ಣಿಗೆ ಕಾಣದ ಹುಳಗಳು ಸಂತೆ ಕಟ್ಟಿವೆ. ಒಸಡು ಹಾಳು ಮಾಡ್ತಿವೆ. ನಿನ್ನ ಸಕ್ಕರೆ ಕಾಯಿಲೆ ಇಳೀದಿರೋಕೆ ಅವೂ ಒಂದು ಕಾರಣ. ಖರ್ಜೂರದ ಜೊತೆ ಅವೂ ಮಗು ಬಾಯಿಗೆ ಹೋಗ್ತವೆ.”

ನ್ಯೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗದೆ ಏನು ಮಾಡಿಯಾಳು? ಕೂಲಿಬಾಲಿ ಮನೆತನಕ್ಕೂ ಕೆಯಿತಾ ಮನೆತನಕ್ಕೂ ತಲೆತಲಾಂತರದಿಂದ ಛೇಡಿಸುವ ನಂಟು. ಎದುರಾದರೆ ಬೈಯದೆ ಹೋಗುವಂತಿಲ್ಲ. ಬೈದದ್ದನ್ನು ನಂಬುವಂತೆಯೂ ಇಲ್ಲ. ಅಲಸಂದೆ ತಿನ್ನುವವರು ಎನ್ನುವುದೇ ಇಬ್ಬರಿಗೂ ಮೆಚ್ಚಿನ ಬೈಗುಳ.

“ಏ ಅಲಸಂದೆ ಕಳ್ಳ! ಮಗಳು ಕೂಲಿಬಾಲಿ ಥರ ಮಾತು ಕಲಿತಾಳೆ ಅಂತ ಹೊಟ್ಟೆಉರಿ ಅಲ್ವೇನೋ?”

“ಅಲಸಂದೆ ತಿನ್ನೋಳು ನೀನು! ಆದ್ರೆ ಈ ಸಲ ನಿಜ ಹೇಳ್ತಿದ್ದೀನಿ, ದೇವರಾಣೆ!”

“ಕೆಯಿತಾ ನಿಜ ಹೇಳಿದ ದಿನ ನಮ್ಮ ಕತ್ತೆ ಮೊಟ್ಟೆ ಇಡುತ್ತೆ. ಎಷ್ಟು ಚೆನ್ನಾಗಿ ಮುಖ ಸಪ್ಪೆ ಮಾಡ್ತೀಯೋ! ಇನ್ನೊಂದ್ಸಲ ಮಾಡು.”

ಅವನು ಅಂಗಲಾಚಿದಷ್ಟೂ ಅವಳ ನಗು ಜಾಸ್ತಿಯಾಯಿತು. ಕೊನೆಗೆ ಅವನು ಸೂಲಗಿತ್ತಿ ಸಂಗಾರೆಯನ್ನು ಕರೆತಂದ. ಅವಳ ಮನೆತನಕ್ಕೆ ನ್ಯೇಲೆಯನ್ನು ಛೇಡಿಸುವ ಹಕ್ಕಿರಲಿಲ್ಲ. ಸಂಗಾರೆ ಬಾಯಿಗೆ ಟಾರ್ಚು ಬಿಟ್ಟು ನೋಡಿದಳು.

“ಜುಮಾನಾ ಹೇಳಿದ್ದು ನಿಜ, ಅಮ್ಮಾ.”

ನ್ಯೇಲೆಯ ನಗು ನಿಂತಿತು. “ಹಾಗಾದ್ರೆ ಆ ಮಕ್ಕಳಿಗೆಲ್ಲ ನಾನು ಕೊಟ್ಟಿದ್ದು ಇದನ್ನಾ?”

“ಎಲ್ಲರ ಬಾಯಲ್ಲೂ ಹುಳ ಇರ್ತವೆ, ಒಳ್ಳೇವೂ ಇರ್ತವೆ. ನಿನಗೆ ಗೊತ್ತಿರ್ಲಿಲ್ಲ. ಇನ್ಮೇಲೆ ಎಂಜಲು ಬೇಡ, ಅಷ್ಟೇ” ಎಂದಳು ಸಂಗಾರೆ.

“ಎಂಜಲು ಬೇಡ ಅಂದ್ಮೇಲೆ ನನ್ನನ್ನ ಯಾರು ಕರೀತಾರೆ?”

ಅದಕ್ಕೆ ಉತ್ತರ ಸಿಕ್ಕಿದ್ದು ಹೆಸರಿಡುವ ದಿನ. ಕಾಜಾ ಒರಳಲ್ಲಿ ಕುಟ್ಟಿದ ಖರ್ಜೂರವನ್ನು ಬಟ್ಟಲಲ್ಲಿಟ್ಟು, ಕೈತೊಳೆಯಲು ನೀರು ಕೊಟ್ಟು, “ಬೆರಳಲ್ಲಿ ಹಚ್ಚು ಅಜ್ಜಿ. ಮಾತು ಬೇಡ ಅಂತ ಯಾರೂ ಹೇಳಿಲ್ಲವಲ್ಲ” ಎಂದಳು. ನ್ಯೇಲೆ ಮಗುವಿನ ನಾಲಿಗೆಗೆ ಸಿಹಿ ಸವರಿದಳು. ಆಮೇಲೆ ಅದರ ಅಪ್ಪನ ವಂಶವನ್ನೆಲ್ಲ ಮಗುವಿಗೇ ಹೇಳಿ ಬೈದಳು. ಬಂದವರು ಊಟ ಮರೆತು ಕೇಳಿದರು. ಅಲ್ಲಿಂದ ಮುಂದೆ ಕೇರಿಯ ತುಂಬ ಬಟ್ಟಲು-ಬೆರಳಿನ ಪದ್ಧತಿಯೇ ಬಂತು.

ಒಸಡಿನ ಕಲ್ಲನ್ನು ಜುಮಾನಾ ಹಲವು ಸಲ ಅವಳನ್ನು ಕೂರಿಸಿ ಕೆರೆದು ತೆಗೆದ. “ನಿನ್ನ ಮದುವೇಲಿ ತಿಂದ ಅಲಸಂದೆ ಈಗ ಸಿಕ್ತು” ಎನ್ನುವನು. ಬಾಯಿ ತೆರೆದು ಕೂತವಳು ಉತ್ತರ ಹೇಳಲಾಗದೆ ಒದೆಯುವಳು. ಅವಳ ಬೇವಿನ ಕಡ್ಡಿ ಮುಂದಿನ ಹಲ್ಲಿನಲ್ಲೇ ನಿಲ್ಲದೆ ಒಳಮೂಲೆಗೂ ಹೋಗತೊಡಗಿತು. ರಕ್ತ ನಿಂತಿತು, ಸಕ್ಕರೆಯೂ ಮಾತ್ರೆಗೆ ಬಗ್ಗಿತು.

ಬಹಳ ವರ್ಷ ಬದುಕಿ, ಒಂದು ಬೆಳಗಿನ ನಿದ್ದೆಯಲ್ಲಿ ನ್ಯೇಲೆ ತೀರಿಕೊಂಡಳು. ಹೆಣ ಹೊತ್ತ ಜನಾಜಾ ಹೊರಡುವಾಗ ಜುಮಾನಾ ಬಾಗಿಲಿಗೆ ಅಡ್ಡ ನಿಂತ; ಛೇಡಿಸುವ ನಂಟಿನವರು ಸಾವಿನಲ್ಲೂ ಸುಮ್ಮನಿರುವಂತಿಲ್ಲ.

“ನಿಲ್ಲಿ! ಹಲ್ಲೆಲ್ಲ ಗಟ್ಟಿ ಮಾಡಿ ಕಳಿಸ್ತಿದ್ದೀನಿ. ಇನ್ನು ಸ್ವರ್ಗದಲ್ಲಿ ಒಂದು ಕಾಳು ಅಲಸಂದೆ ಉಳಿಯಲ್ಲ!”

ಅಳುತ್ತಿದ್ದವರು ನಕ್ಕರು. ಜುಮಾನಾ ಉತ್ತರಕ್ಕೆ ಕಾಯುವವನಂತೆ ಅವಳತ್ತ ಬಾಗಿ ಕಿವಿಯೊಡ್ಡಿದ. ಆಮೇಲೆ ದಾರಿ ಬಿಟ್ಟು, ತಾನೇ ಹೆಗಲು ಕೊಟ್ಟು, ಅವಳನ್ನು ಹೊಸಿಲು ದಾಟಿಸಿದ.