ಐದೂರಿಗೆ ದೊಡ್ಡ ಗಾಡಿ ತೋರಿಸಿ ಬಂದದ್ದು

ಉಗಾರ ಬುದ್ರುಕದಿಂದ ನಿಪ್ಪಾಣಿಗೆ ನಾನು ಹೋದದ್ದು ಸರಕಾರಿ ಬಸ್ಸಿನಲ್ಲಿ. ಹೆಂಗಸರಿಗೆ ಟಿಕೀಟು ಪುಕ್ಕಟೆ, ಆಧಾರ ಕಾರ್ಡು ತೋರಿಸಿದರೆ ಆಯಿತು. ಚಿಕ್ಕೋಡಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಕಬ್ಬಿನ ಹಂಗಾಮು, ದಾರಿಯುದ್ದಕ್ಕೂ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ನಮ್ಮ ಬಸ್ಸು ಗಬ್ಬದ ಎಮ್ಮೆಯ ಹಾಗೆ ನಡೆಯಿತು. ಅರ್ಧ ದಾರಿ ನಿಂತೇ ಹೋದೆ.

ಹೋದದ್ದು ಮೊಮ್ಮಗಳು ಪದ್ಮಾಳ ಜೋಡಿಗೆ. ಅವಳು ನಿಪ್ಪಾಣಿಯ ಹೈವೇ ಮೇಲೆ ಕಾರು ಮಾರುವ ಒಂದು ಶೋರೂಮಿನಲ್ಲಿ ಫೋನು ಎತ್ತುವ ಕೆಲಸ ಮಾಡುತ್ತಿದ್ದಳು. ಅವಳಿಗೆ ಬೇಕಾದದ್ದು ಆ ಕೆಲಸವಲ್ಲ. ಲಂಗ ಹಾಕುವ ವಯಸ್ಸಿನಲ್ಲೇ ಟ್ರ್ಯಾಕ್ಟರ್ ಹೊಡೆದವಳು. ಲೈಸನ್ಸು ತೆಗೆದಳು, ಕಂಪನಿಯ ತರಬೇತಿಗೆ ಹೋಗಿ ಪಾಸಾಗಿ ಬಂದಳು. ಆದರೂ ಗಿರಾಕಿಗಳಿಗೆ ಗಾಡಿ ಓಡಿಸಿ ತೋರಿಸಲು ಗಂಡಸೇ ಬೇಕು ಎಂದು ಮಾಲೀಕ ಕುರ್ಚಿಯಲ್ಲಿ ಕೂರಿಸಿದ್ದ. ಈಗ ಹೊಸ ದೊಡ್ಡ ಗಾಡಿ ಬಂದಿತ್ತು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಐದೂ ಕಡೆ ತೋರಿಸಬೇಕು. ಅದೇ ಹೊತ್ತಿಗೆ ಗಾಡಿ ಓಡಿಸುವವನು ತಂಗಿಯ ಮದುವೆಗೆ ರಜೆ ಹಾಕಿದ. ಮಾಲೀಕನಿಗೆ ಬೇರೆ ದಾರಿ ಇರಲಿಲ್ಲ. ಐದೂರು ಸರಿಯಾಗಿ ಮುಗಿಸಿದರೆ ಆ ಗಾಡಿ ಇನ್ನು ನಿನ್ನ ಕೈಗೆ, ಎಲ್ಲಾದರೂ ಮರ್ಯಾದೆ ಹೋದರೆ ಮತ್ತೆ ಫೋನಿನ ಮುಂದೆ, ಎಂದು ಹೇಳಿದ. ನನ್ನ ಮಗ ಇನ್ನೊಂದು ಷರತ್ತು ಹಾಕಿದ. ರಾತ್ರಿ ಹೊರಗೆ ಉಳಿಯುವುದಾದರೆ ಆಯಿ ಜೊತೆಗಿರಬೇಕು. ಹೀಗೆ ನಾನು ಹೊರಟೆ.

ನಿಪ್ಪಾಣಿಯಲ್ಲಿ ಗಾಡಿಗೆ ಕರಿ ಬಟ್ಟೆ ಹೊದಿಸಿದ್ದರು. ಸ್ಪೀಕರಿನ ಡಬ್ಬಿಗಳಲ್ಲಿ ಹಾಡು ಹಚ್ಚಿ, ಹೊಗೆ ಬಿಟ್ಟು ಬಟ್ಟೆ ಎಳೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ, ಕೈಯಲ್ಲಿ ಚೀಲವಿತ್ತು. ಗಾಡಿ ಮಾತ್ರ ಗಾಡಿಯೇ. ನಮ್ಮ ದನದ ಕೊಟ್ಟಿಗೆಯ ಬಾಗಿಲಲ್ಲಿ ಹಾಯುವುದಿಲ್ಲ, ಅಷ್ಟು ಅಗಲ. ಬಣ್ಣ ಮಳೆಗಾಲದ ಹೊಲದಂಥ ಹಸಿರು. ನಾಲ್ಕು ನೂರಕ್ಕೂ ಹೆಚ್ಚು ಕುದುರೆಗಳ ಬಲ ಎಂದು ಪದ್ಮಾ ಹೇಳಿದಳು. ನಮ್ಮ ಟ್ರ್ಯಾಕ್ಟರಿಗೆ ಐವತ್ತು. ಪೆಟ್ರೋಲ್ ಇಂಜಿನ್ನಿಗೆ ಕೈಜೋಡಿಸಲು ಒಂದು ಕರೆಂಟಿನ ಮೋಟರು ಬೇರೆ. ನಾಲ್ಕೂ ಗಾಲಿ ತಿರುಗುತ್ತವೆ, ಯಾವುದು ಜಾರುತ್ತದೋ ಅದರ ಬಲ ತೆಗೆದು ಹಿಡಿತ ಇರುವ ಗಾಲಿಗೆ ಕೊಡುತ್ತದೆ. ಬೆಲೆ ಕೋಟಿಯ ಮೇಲೆ. ನಾನೇನು ಕೊಳ್ಳುವವಳಲ್ಲ.

ನಮ್ಮ ಜೊತೆ ಬಂದವನು ಕಿರಣ, ಮಾರುವ ಮಾತಾಡುವವನು. ನಿಪ್ಪಾಣಿಯವನೇ, ಅರ್ಧ ಮರಾಠಿ ಅರ್ಧ ಕನ್ನಡ. ಬಾಯಿ ಚಲೋ, ಕೆಟ್ಟವನಲ್ಲ. ಹೆಣ್ಣುಮಗಳು ಗಾಡಿ ಓಡಿಸುತ್ತಾಳೆ ಎಂದು ಮುಖ ಸ್ವಲ್ಪ ಸಣ್ಣದು ಮಾಡಿಕೊಂಡಿದ್ದ. ನಾನು ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕುಳಿತೆ. ಮೇಲೆ ಮಾಳಿಗೆಯ ತುಂಬ ಗಾಜು. ಡಿಸೆಂಬರಿನ ಬಿಸಿಲು ಮೈಮೇಲೆ ಬಿದ್ದು ಹಿತವಾಗಿತ್ತು. ಇಂಜಿನ್ನಿನ ಸದ್ದು ಕೇಳುವುದಿಲ್ಲ. ಹೊಗೆಸೊಪ್ಪಿನ ಗೋದಾಮುಗಳನ್ನು ದಾಟುವಾಗ ಒಂದಿಷ್ಟೂ ಘಾಟು ಒಳಗೆ ಬರಲಿಲ್ಲ. ನಿಪ್ಪಾಣಿಯಲ್ಲಿ ಸೀನದೆ ಹೋದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಚಿಕ್ಕೋಡಿಯಲ್ಲಿ ಡಾಕ್ಟರುಗಳು, ವಕೀಲರು, ಗುತ್ತಿಗೆದಾರರು ಬಂದರು. ಕುರ್ಚಿಯೇ ಬೆನ್ನು ತಿಕ್ಕುತ್ತದೆ ಎಂದು ಕಿರಣ ಹೇಳಿದಾಗ ಒಬ್ಬ ಡಾಕ್ಟರರ ಹೆಂಡತಿ ಕುಳಿತವಳು ಏಳಲೇ ಇಲ್ಲ. ಹಿಂದೆ ನಿಂತವರು ಕೆಮ್ಮತೊಡಗಿದರು. ಒಬ್ಬ ನಿವೃತ್ತ ಮಾಸ್ತರರು ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದರು. ಕಿರಣ ಹನ್ನೆರಡು ಎಂದ. ಪದ್ಮಾ ಅಲ್ಲೇ ತಿದ್ದಿದಳು. ಊರೊಳಗೆ ಏಳೆಂಟರ ಮೇಲೆ ಬರುವುದಿಲ್ಲ ಎಂದಳು. ಮಾಸ್ತರರು ನಕ್ಕು, ಹಾಗಾದರೆ ನನ್ನ ಸೈಕಲ್ಲೇ ವಾಸಿ ಎಂದು ಹೋದರು. ದಾರಿಯಲ್ಲಿ ಕಿರಣ ಗೊಣಗಿದ. ಗಿರಾಕಿಯ ಮುಂದೆ ಇಷ್ಟು ಖರೆ ಯಾರೂ ಹೇಳುವುದಿಲ್ಲವಂತೆ. ಪದ್ಮಾ ಕನ್ನಡಿ ನೋಡಿಕೊಂಡು ಗಾಡಿ ಓಡಿಸುತ್ತಿದ್ದಳು.

ಅಂಕಲಿಯ ಹತ್ತಿರ ಒಬ್ಬ ರೈತರು ತಮ್ಮ ತೋಟದ ಮನೆಗೆ ಗಾಡಿ ತಂದು ತೋರಿಸಿ ಎಂದು ಹೇಳಿ ಕಳಿಸಿದ್ದರು. ಅದು ಎರೆ ಭೂಮಿ. ಕಬ್ಬಿಗೆ ಬಿಟ್ಟ ನೀರು ಒಡ್ಡು ಒಡೆದು ದಾರಿಗೆ ಬಂದಿತ್ತು, ಟ್ರ್ಯಾಕ್ಟರಿನ ಗಾಲಿ ಕೊರೆದ ಗಾಡಿಜಾಡು ಮೊಳಕಾಲುದ್ದ. ಕಿರಣ ಇಳಿದು ನಡೆದು ಹೋಗೋಣ ಎಂದ. ಪದ್ಮಾ ಒಂದು ಗುಂಡಿ ಒತ್ತಿದಳು. ಗಾಡಿ ಕುಂತ ಒಂಟೆ ಎದ್ದ ಹಾಗೆ ಮೇಲಕ್ಕೆ ಎದ್ದಿತು. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳಿವೆಯಂತೆ, ಬೇಕಾದಾಗ ಎತ್ತರ, ಬೇಡವಾದಾಗ ತಗ್ಗು. ಅವಳು ಜಾಡಿನೊಳಗೆ ಗಾಲಿ ಇಳಿಸಲಿಲ್ಲ. ನಡುವಿನ ದಿಂಡಿನ ಮೇಲೆ ಒಂದು ಗಾಲಿ, ಅಂಚಿನ ಮೇಲೆ ಒಂದು ಗಾಲಿ ಇಟ್ಟು ನಡೆಸಿದಳು. ಕಬ್ಬು ತುಂಬಿದ ಟ್ರೇಲರ್ ಎಳೆದವರು ಹಾಗೇ ಮಾಡುವುದು. ಕೆಸರು ಪಚ್ ಪಚ್ ಎಂದಿತು, ಗಾಡಿ ಹೊರಗೆ ಬಂತು. ರೈತರ ಮನೆಯವರು ಹಿಂಡಿದ ಕಬ್ಬಿನ ಹಾಲು ಕೊಟ್ಟರು. ಕಿರಣ ಎರಡು ಲೋಟ ಕುಡಿದು, ಆ ಗುಂಡಿ ಯಾವುದು ಎಂದು ಪದ್ಮಾಳನ್ನು ಸಣ್ಣ ದನಿಯಲ್ಲಿ ಕೇಳಿದ.

ರಾಯಬಾಗ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಜನರಿಗೆ ಗಾಡಿ ತೋರಿಸುವುದು ಅವರಿಗೆ ಬಿಟ್ಟು, ನಾನು ಗಾಡಿಯಲ್ಲೇ ಕುಳಿತು ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಉಂಡೆ. ಗಾಜಿನ ಆಚೆಯಿಂದ ಜನ ಇಣುಕಿ ನೋಡುತ್ತಿದ್ದರು. ಚಟ್ನಿ ಸೀಟಿಗೆ ತಾಗಿಸಬೇಡ ಎಂದು ಕಿರಣ ಮೂರು ಸಲ ಬಂದು ಹೇಳಿದ. ತಾಗಿಸಲಿಲ್ಲ. ಆ ರಾತ್ರಿ ನನ್ನ ತಂಗಿಯ ಮನೆಯಲ್ಲಿ ಮಲಗಿದೆವು.

ಮರುದಿನ ಮುಂಜಾನೆ ಥಂಡಿ ಬಹಳ. ಕುಡಚಿಯ ಸ್ಟೇಷನ್ ಮುಂದೆ ಚಹಾ ಕುಡಿದೆವು. ಚಹಾದಂಗಡಿಯ ಸಾಹೇಬರು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದು ಚಹಾದ ರೊಕ್ಕ ಬೇಡವೆಂದರು. ಕೃಷ್ಣೆಯ ಸೇತುವೆ ದಾಟಿ, ನಮ್ಮ ಊರಿಗೆ ತಿರುಗುವ ಫಾಟಾ ದಾಟಿ ಅಥಣಿಗೆ ಹೋದೆವು. ಊರ ಹತ್ತಿರ ಹಾದರೂ ಇಳಿಯಲಿಲ್ಲ. ಇಳಿದಿದ್ದರೆ ಇಡೀ ಓಣಿ ಹತ್ತಿಕೊಳ್ಳುತ್ತಿತ್ತು.

ಅಥಣಿಯಲ್ಲಿ ತಾತ್ಯಾಸಾಹೇಬರು ಎಂಬವರಿದ್ದರು. ಕಬ್ಬು ಕಡಿಯುವ ಗ್ಯಾಂಗುಗಳು, ಸಾಗಿಸುವ ಲಾರಿಗಳು, ಎಲ್ಲ ಅವರವೇ. ಐದೂ ಊರುಗಳಲ್ಲಿ ನಿಜವಾಗಿ ಕೊಳ್ಳುವ ಗಿರಾಕಿ ಅವರೊಬ್ಬರೇ ಎಂದು ಕಿರಣ ದಾರಿಯಲ್ಲಿ ಹೇಳಿದ್ದ. ಊರ ಹೊರಗಿನ ಮೈದಾನದಲ್ಲಿ ಪೆಂಡಾಲು ಹಾಕಿಸಿ, ನೂರಾರು ಜನ ಸೇರಿಸಿದ್ದರು. ಗಾಡಿ ನಿಂತದ್ದೇ ತಡ, ಅವರ ಹೆಂಡತಿ ಆರತಿ ತಂದರು. ಅರಿಶಿನ ಕುಂಕುಮ ಹಚ್ಚಿದರು, ಕಾಯಿ ಒಡೆದರು, ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರವನ್ನು ಗಾಡಿಯ ಮೂತಿಗೆ ಅಡ್ಡ ಬಿಗಿದು ಕಟ್ಟಿದರು. ಇನ್ನೂ ಕೊಳ್ಳದ ಗಾಡಿಗೇ ಪೂಜೆ. ನಮ್ಮ ಕಡೆ ಹೊಸ ಗಾಲಿ ಕಂಡರೆ ಸಾಕು, ಹಾರ ಬಿದ್ದೇ ಬೀಳುತ್ತದೆ. ನಾನು ದೂರ ನಿಂತಿದ್ದೆ. ಗಂಡ ಸತ್ತ ಮೇಲೆ ಇಂಥ ಕೆಲಸಕ್ಕೆ ನನ್ನನ್ನು ಯಾರೂ ಮುಂದೆ ಕರೆಯುವುದಿಲ್ಲ, ನನಗೂ ಒಂದು ಕೆಲಸ ಕಡಿಮೆ.

ಅಲ್ಲಿ ತೋರಿಸಬೇಕಾದದ್ದು ಗಾಡಿ ತಾನೇ ನಿಲ್ಲುವ ವಿದ್ಯೆ. ಮುಂದೆ ಏನಾದರೂ ಅಡ್ಡ ಬಂದರೆ ಓಡಿಸುವವನು ಮೈಮರೆತರೂ ಗಾಡಿ ತಾನಾಗಿ ಬ್ರೇಕ್ ಹಾಕುತ್ತದೆ. ಮೈದಾನದ ಕೊನೆಗೆ ಕಾರಿನ ಬೆನ್ನಿನ ಚಿತ್ರವಿದ್ದ, ಗಾಳಿ ತುಂಬಿದ ದೊಡ್ಡ ಬಲೂನು ನಿಲ್ಲಿಸಿದ್ದರು. ತಾತ್ಯಾಸಾಹೇಬರು ಮುಂದೆ ಪದ್ಮಾಳ ಪಕ್ಕ ಕುಳಿತರು. ಪದ್ಮಾ ಗಾಡಿ ಚಾಲೂ ಮಾಡಿದಳು, ತೆರೆಯ ಮೇಲೆ ಏನೋ ಓದಿದಳು, ಬಂದ್ ಮಾಡಿ ಇಳಿದಳು.

ಏನಾಯಿತೆಂದು ಕಿರಣ ಓಡಿ ಬಂದ. ನಾನೂ ಹತ್ತಿರ ಹೋದೆ. ಗಾಡಿಗೆ ಮುಂದೆ ಏನಿದೆ ಎಂದು ತಿಳಿಸುವ ರೇಡಾರು ಮೂತಿಯ ನಡುವೆ ಇರುತ್ತದೆ. ಹಾರ ಸರಿಯಾಗಿ ಅದರ ಮೇಲೆ ಬಿದ್ದಿತ್ತು. ಕಣ್ಣು ಮುಚ್ಚಿದ ಗಾಡಿ ತಾನಾಗಿ ನಿಲ್ಲುವುದಿಲ್ಲ. ಕಿರಣನಿಗೆ ಬೆವರು ಬಂತು. ಸಾಹುಕಾರರ ಹೆಂಡತಿ ಕಟ್ಟಿದ ಹಾರ ಬಿಚ್ಚುವವರು ಯಾರು? ಪೂಜೆಯಾದ ಗಾಡಿಯ ಹಾರ ಬಾಡಿ ತಾನೇ ಬೀಳಬೇಕು, ಕೈಯಿಂದ ತೆಗೆದರೆ ಅಪಶಕುನ.

"ಪದ್ಮಾ, ಕಾಲಿನಿಂದ ಸಾವಕಾಶ ಬ್ರೇಕ್ ಒತ್ತಿಬಿಡು" ಎಂದ ಕಿರಣ. "ಯಾರಿಗ ಗೊತ್ತಾಗತೈತಿ?"

"ನಾ ಒತ್ತಂಗಿಲ್ಲ" ಎಂದಳು ಪದ್ಮಾ. "ಗಾಡಿ ತಾನ ನಿಂತತಿ ಅಂತ ಇವ್ರು ನಂಬತಾರ. ನಾಳೆ ಇದ ಹಾರ ಹಾಕ್ಕೊಂಡು ರೋಡಿಗೆ ಹೋದ್ರ, ಯಾರರೆ ಅಡ್ಡ ಬಂದ್ರ?"

"ನಿನ್ನ ನೌಕರಿ ಹೋಗತೈತಿ, ತಂಗಿ."

"ಹೋಗ್ಲಿ."

ಅಷ್ಟರಲ್ಲಿ ಜನ ಗುಸುಗುಸು ಶುರು ಮಾಡಿದ್ದರು. ಹುಡುಗಿ ಅಂಜಿದ್ದಾಳೆ ಎಂದು ಒಬ್ಬ, ಗಾಡಿ ಕೆಟ್ಟಿದೆ ಎಂದು ಇನ್ನೊಬ್ಬ. ತಾತ್ಯಾಸಾಹೇಬರು ಗಾಜು ಇಳಿಸಿ, "ಯಾಕವಾ, ಕಾಲು ನಡುಗಾಕತ್ತಾವೇನು? ಆಗಲಿಲ್ಲಂದ್ರ ಹೇಳು, ನಮ್ಮ ಡ್ರೈವರ್ ಅದಾನ" ಎಂದರು. ಜನ ನಕ್ಕರು. ಪದ್ಮಾಳ ಕಿವಿ ಕೆಂಪಾದವು. ಆದರೂ ಅವಳು ತಲೆ ಎತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: ಹಾರ ರೇಡಾರನ್ನು ಮುಚ್ಚಿದೆ, ಅದನ್ನು ತೆಗೆಯದೆ ತೋರಿಸುವುದಿಲ್ಲ. ಕಿರಣ ನೆಲ ನೋಡಿದ. ತಾತ್ಯಾಸಾಹೇಬರ ಹೆಂಡತಿ ಸೆರಗು ಬಾಯಿಗೆ ಹಿಡಿದರು. ಯಾರೂ ಮುಂದೆ ಬರಲಿಲ್ಲ.

ನಾನು ಹೋಗಿ ಹಾರ ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಎಳೆಯಬೇಕಾಯಿತು. ಯಾರೋ ಒಬ್ಬಳು ಅಯ್ಯ, ಏನು ಮಾಡಾಕತ್ತಿ ಎಂದಳು.

"ಆಗೂ ಅಪಶಕುನ ಎಲ್ಲಾ ನನಗ ಆಗಿ ಮುಗದಾವು, ಹೊಸದೇನ ಆಗಂಗಿಲ್ಲ" ಎಂದೆ.

ಹಾರ ಹಿಂದೆ ಕಟ್ಟೋಣ ಎಂದರೆ ಅಲ್ಲಿಯೂ ರೇಡಾರು ಇದೆಯಂತೆ. ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಲ್ಲಲಿ? ಕಿಟಕಿಯೊಳಗೆ ಕೈ ಹಾಕಿ ತಾತ್ಯಾಸಾಹೇಬರ ಕೊರಳಿಗೆ ಹಾಕಿಬಿಟ್ಟೆ. "ಗಾಡಿ ಒಡೆಯಾ ಆಗಾವ್ರು ನೀವಲ್ಲೇನ್ರಿ? ಹಾರ ನಿಮಗ ಇರ್ಲಿ" ಎಂದೆ. ಮೊದಲು ನಕ್ಕವರು ಅವರ ಹೆಂಡತಿ. ಆಮೇಲೆ ಇಡೀ ಪೆಂಡಾಲು ನಕ್ಕಿತು, ಕೊನೆಗೆ ಅವರೂ ನಕ್ಕರು.

ಪದ್ಮಾ ರೇಡಾರಿನ ಮೇಲಿನ ಕುಂಕುಮ ಒರೆಸಿ ಗಾಡಿ ಹತ್ತಿದಳು. ನಾನು ಹಿಂದೆ ಕುಳಿತು ಸೀಟಿನ ಪಟ್ಟಿ ಬಿಗಿದುಕೊಂಡೆ. ಗಾಡಿ ತನ್ನ ವೇಗ ತಾನೇ ಹಿಡಿದು ಹೊರಟಿತು. ಬಲೂನು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಪದ್ಮಾ ಕಾಲನ್ನು ಪೆಡಲಿನಿಂದ ದೂರ ಎಳೆದು, ನೋಡಿ ಎಂದು ತಾತ್ಯಾಸಾಹೇಬರಿಗೆ ತೋರಿಸಿದಳು. ಅವರು ಕಾಲು ನೋಡಲಿಲ್ಲ, ಎರಡೂ ಕೈಯಿಂದ ಹಾರ ಹಿಡಿದು ಕಣ್ಣು ಮುಚ್ಚಿದ್ದರು. ಗಾಡಿ ಟಿಣ್ ಟಿಣ್ ಎಂದಿತು, ಪಟ್ಟಿ ನನ್ನ ಎದೆಗೆ ಬಿಗಿಯಿತು, ಗಕ್ಕನೆ ನಿಂತೆವು. ಬಲೂನಿಗೂ ಗಾಡಿಗೂ ನಡುವೆ ಒಂದು ಕರು ನಿಲ್ಲುವಷ್ಟು ಜಾಗ ಉಳಿದಿತ್ತು.

ಮೈದಾನದಲ್ಲಿ ಎದ್ದ ಸೀಟಿ, ಕೇಕೆ ನಾನು ಕುಸ್ತಿಯ ಕಣದಲ್ಲೂ ಕೇಳಿಲ್ಲ. ಈ ಸಲ ನಾನೂ ಚಪ್ಪಾಳೆ ತಟ್ಟಿದೆ. ತಾತ್ಯಾಸಾಹೇಬರು ಇಳಿದು, ಇನ್ನೊಮ್ಮೆ ಎಂದರು. ಎರಡನೆಯ ಸಲ ಹೆಂಡತಿಯನ್ನೂ ಕೂರಿಸಿಕೊಂಡರು. ಮೂರನೆಯ ಸಲ ಕಣ್ಣು ತೆರೆದು ಕುಳಿತರು. ಆಮೇಲೆ ಕಿರಣನನ್ನು ಕರೆದು, "ಇಂಥಾದೊಂದು ಗಾಡಿ ನನಗ ಬರೀರಿ. ನಮ್ಮ ಡ್ರೈವರಗ ಕಲಸಾಕ ಮಾತ್ರ ಈ ಹುಡಗೀನ ಬರಬೇಕು. ಇಲ್ಲದ್ದನ್ನ ಇಲ್ಲ ಅಂದಾಕಿ ಈಕಿ ಒಬ್ಬಾಕಿನ" ಎಂದರು.

ಅವರ ಮನೆಯಲ್ಲೇ ಊಟ. ಈರುಳ್ಳಿ ಹಾಕದೆ ನನಗೆ ಬೇರೆ ಪಲ್ಯ ಮಾಡಿಸಿದ್ದರು. ಹೋಳಿಗೆ ಸ್ವಲ್ಪ ಗಟ್ಟಿ, ತುಪ್ಪ ಧಾರಾಳ.

ಕಾಗವಾಡದಲ್ಲಿ ಜನ ಕಡಿಮೆ ಇದ್ದರು, ಆದರೆ ಅಥಣಿಯ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಗಾಡಿ ನೋಡುವುದಕ್ಕಿಂತ ಪದ್ಮಾಳನ್ನು ನೋಡಲು ಬಂದವರೇ ಹೆಚ್ಚು. ಅಲ್ಲೇ ಮಾಲೀಕನ ಫೋನು ಬಂತು. ಹಾರ ತೆಗೆಸಿದ್ದು ತನ್ನ ವಿಚಾರ ಎಂದು ಕಿರಣ ಮೊದಲೇ ಹೇಳಿಬಿಟ್ಟಿದ್ದ. ಹೇಳಿಕೊಳ್ಳಲಿ. ಪದ್ಮಾ ಫೋನು ಕಿವಿಗಿಟ್ಟು ಹೂಂ, ಹೂಂ ಎಂದಳು. ಇಟ್ಟ ಮೇಲೆ, ಗಾಡಿ ಇನ್ನು ತನ್ನ ಕೈಗೆ ಎಂದು ಹೇಳಿ ಕಾರಿನ ಹಿಂದೆ ಹೋಗಿ ಮೂಗು ಒರೆಸಿಕೊಂಡು ಬಂದಳು. ಬರುವ ವಾರ ಜಮಖಂಡಿ ಕಡೆಗೆ ಹೋಗಬೇಕಂತೆ.

ಸಂಜೆ ನಮ್ಮ ಮನೆಯ ಮುಂದೆ ಗಾಡಿ ನಿಂತಾಗ ಓಣಿ ತುಂಬಿತು. ಮಗ ಹೊರಗೆ ಬಂದು ಗಾಡಿಯ ಬಾನೆಟ್ಟು ಸವರಿದ, ಹೇಗಾಯಿತು ಎಂದು ಕೇಳಲಿಲ್ಲ. ಅವನಿಗೂ ಫೋನು ಬಂದಿತ್ತು. ಜಮಖಂಡಿಗೆ ಯಾರು ಜೋಡಿ ಹೋಗಬೇಕು ಎಂದು ಮಾತ್ರ ಕೇಳಿದ.

"ನಾ ಅಂತೂ ಹೋಗಂಗಿಲ್ಲ" ಎಂದೆ. "ಈಕಿಗೆ ಕಾವಲು ಬ್ಯಾಡ. ನೂರು ಮಂದಿ ನಕ್ಕರೂ ಸುಳ್ಳು ಬ್ರೇಕ್ ಒತ್ತಲಿಲ್ಲ ನಿನ್ನ ಮಗಳು. ನೀ ಆಗಿದ್ರ ಒತ್ತತಿದ್ದಿ."

ಮಗ ನನ್ನನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವಳ ಕೈಗೆ ಕೊಟ್ಟು, "ಸಾವಕಾಶ ಹೋಗಿ ಬಾ" ಎಂದ. ಅವಳ ಜೊತೆ ಯಾರು ಎಂದು ಮತ್ತೆ ಕೇಳಲಿಲ್ಲ.

ಗಾಡಿಯನ್ನು ಅದೇ ಸಂಜೆ ನಿಪ್ಪಾಣಿಗೆ ಮುಟ್ಟಿಸಬೇಕಿತ್ತು. ಕಿರಣ ನನ್ನ ಸೀಟಿನಲ್ಲಿ ಕುಳಿತು ಬೆನ್ನು ತಿಕ್ಕಿಸಿಕೊಳ್ಳುತ್ತ ಆಗಲೇ ತೂಕಡಿಸುತ್ತಿದ್ದ. ಪದ್ಮಾ ಕೈ ಎತ್ತಿ ಹೊರಟಳು. ದೊಡ್ಡ ರಸ್ತೆಗೆ ಸೇರುವ ಕಡೆ ಕಾರಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತಿದ್ದವು. ಅವಳು ನಿಂತಳು, ಕೊನೆಯ ಟ್ರೇಲರ್ ಹಾಯುವವರೆಗೆ ದಾರಿ ಬಿಟ್ಟಳು. ಟ್ರ್ಯಾಕ್ಟರಿನವರು ಒಬ್ಬೊಬ್ಬರೇ ಹಾರ್ನ್ ಹೊಡೆದು ಅವಳಿಗೆ ಕೈ ಮಾಡಿ ಹೋದರು. ಆಮೇಲೆ ನಾಲ್ಕು ನೂರು ಕುದುರೆಗಳನ್ನು ಒಬ್ಬಳೇ ಹೊಡೆದುಕೊಂಡು ಹೋದಳು.