ಪಾತ್ರೆ ತಿರುವಿ ನೋಡುವ ಗೋದಾಬಾಯಿ

ಶಿವಾಜಿನಗರದ ಸಂರಕ್ಷಣಾಧಿಕಾರಿ ಗೋದಾಬಾಯಿ, ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಬಂದವರನ್ನು ಮೊದಲು ಕೇಳುವುದು, “ಉಂಡು ಬಂದೀಯೇನವಾ?” ಎಂದೇ. ಕೋರ್ಟಿನ ಆದೇಶ ಹಿಡಿದು ಅವರ ಸಾಮಾನು ತರಲು ಹೋದರೆ ನೇರ ಅಡುಗೆಮನೆಗೇ ನುಗ್ಗುತ್ತಾರೆ. ನಿನ್ನೆ ಹಾಗೆ ಹೋದಾಗ, ಮನೆ ಬಿಟ್ಟು ಬಂದಿದ್ದ ರಂಜನಾಳ ಗಂಡ ಬಸವಲಿಂಗ, “ಇಲ್ಲಿರೋದೆಲ್ಲಾ ನಂದರಿ,” ಎಂದ. “ಹೌದ್ರಿ? ಹಂಗಾದ್ರ ಜೀರಿಗಿ ಯಾವ ಡಬ್ಬಿಯೊಳಗ ಅದ, ತೋರಸ್ರಿ,” ಎಂದರು ಗೋದಾಬಾಯಿ. ಅವನು ತೆರೆದ ಮೂರು ಡಬ್ಬಿಗಳಲ್ಲೂ ಜೀರಿಗೆಯಿರಲಿಲ್ಲ. ಗೋದಾಬಾಯಿ ಪರಾತ, ತಂಬಿಗೆ, ಕಡೆಗೆ ಸೌಟನ್ನೂ ತಿರುವಿ, ತವರಿನವರು ಕೆತ್ತಿಸಿದ ‘ರಂಜನಾ’ ಎಂಬ ಹೆಸರನ್ನು ಜೋರಾಗಿ ಓದುತ್ತ, ಪೊಲೀಸರೆದುರು ಎಲ್ಲವನ್ನೂ ಬಸವಲಿಂಗನಿಂದಲೇ ಜೀಪಿಗೆ ಹೊರಿಸಿದರು. ಕಚೇರಿಗೆ ಮರಳಿ, ನಿರಾಳವಾಗಿ ನಗುತ್ತಿದ್ದ ರಂಜನಾಳಿಗೆ ತಮ್ಮ ಲೋಟದಲ್ಲೇ ಚಹಾ ಕೊಟ್ಟರು. ಅದರ ಅಂಚಿನಲ್ಲಿ ‘ಗೋದಾ’ ಎಂದು ಕೆತ್ತಲಾಗಿತ್ತು. ಹೆಂಗಸರಿಗೆ ಹೀಗೆ ಸಾಮಾನು ಕೊಡಿಸುವ ಈ ಕಾನೂನು ಬರುವ ಮೊದಲು, ತಾವೂ ಮನೆ ಬಿಟ್ಟು ಬಂದಾಗ, ಗಂಡನ ಮನೆಯಿಂದ ಗೋದಾಬಾಯಿಗೆ ತರಲಾದದ್ದು ಅದೊಂದೇ ಲೋಟ.